ಆರ್‌ಪಿಜಿ ಪ್ರೋಗ್ರಾಂನಲ್ಲಿ ಎಪಿಐ ಎರರ್ ಹಿಡಿಯುವುದು: ಒಂದು ರಿಪೇರಿಯ ಟಿಪ್ಪಣಿ

ರಿಪೇರಿಗೆ ತೆಗೆದುಕೊಂಡದ್ದು ಐಬಿಎಂ ಐ (ಐಬಿಎಂ ಕಂಪನಿಯ ಆಪರೇಟಿಂಗ್ ಸಿಸ್ಟಂ) ಮೇಲೆ ರಾತ್ರಿ ಬ್ಯಾಚ್‌ನಲ್ಲಿ ಓಡುವ ಒಂದು ಆರ್‌ಪಿಜಿ (ಅಲ್ಲಿನ ಪ್ರೋಗ್ರಾಮಿಂಗ್ ಭಾಷೆ) ಪ್ರೋಗ್ರಾಂ. ಒಂದು ಫೈಲಿನಲ್ಲಿ ಆಬ್ಜೆಕ್ಟ್ (ಫೈಲ್, ಪ್ರೋಗ್ರಾಂ ಮುಂತಾದವು) ಹೆಸರು, ಅದು ಇರುವ ಲೈಬ್ರರಿ, ಟೈಪ್ ಇವೆ. ಪ್ರೋಗ್ರಾಂ ಒಂದೊಂದೇ ಸಾಲು ಓದಿ, ರಿಟ್ರೀವ್ ಆಬ್ಜೆಕ್ಟ್ ಡಿಸ್ಕ್ರಿಪ್ಷನ್ ಎಪಿಐ (ಪ್ರೋಗ್ರಾಂನಿಂದ ಕರೆಯಲು ಸಿಸ್ಟಂ ಒದಗಿಸುವ ಸೇವೆ) ಕರೆದು, ಓನರ್ ಯಾರು, ಕೊನೆಯ ಬದಲಾವಣೆ ಯಾವಾಗ ಎಂದು ರಿಪೋರ್ಟಿಗೆ ಬರೆಯಬೇಕು. ಪಟ್ಟಿಯಲ್ಲಿರುವ ಒಂದೇ ಒಂದು ಆಬ್ಜೆಕ್ಟನ್ನು ಯಾರಾದರೂ ಅಳಿಸಿದ್ದರೆ ಸಾಕು, ಜಾಬ್ ಅಲ್ಲೇ ನಿಲ್ಲುತ್ತದೆ. ಆಪರೇಟರ್ ಮೆಸೇಜ್ ಕ್ಯೂನಲ್ಲಿ ಆರ್‌ಎನ್‌ಕ್ಯೂ0202 ಬಂದು, ಸಿ, ಜಿ, ಡಿ, ಎಫ್ ಇವುಗಳಲ್ಲಿ ಒಂದು ಉತ್ತರ ಕೊಡಿ ಎಂದು ಬೆಳಗಿನವರೆಗೂ ಕಾಯುತ್ತದೆ.

ಬಳಸಿದ ಸಾಮಾನು ಹೆಚ್ಚಿಲ್ಲ: ಸೋರ್ಸ್ ಎಡಿಟರ್, ಡಿಬಗ್ ವ್ಯೂ ಸಮೇತ ಕಂಪೈಲ್ ಮಾಡಿದ ಪ್ರೋಗ್ರಾಂ, ಜಾಬ್ ಲಾಗ್, ಮತ್ತು ಪರೀಕ್ಷೆಗೆ ಒಂದು ಖಾಲಿ ಲೈಬ್ರರಿ. ಅಧಿಕಾರ ಕಡಿಮೆ ಇರುವ ಒಂದು ಯೂಸರ್ ಪ್ರೊಫೈಲ್ ಕೂಡ ಬೇಕು. ಅದಿಲ್ಲದೆ ಅರ್ಧದಷ್ಟು ಎರರ್‌ಗಳನ್ನು ಹುಟ್ಟಿಸಲಿಕ್ಕೇ ಆಗುವುದಿಲ್ಲ.

ಹಂತ 1: ಜಾಬ್ ಲಾಗ್ ಓದುವುದು

ಆರ್‌ಎನ್‌ಕ್ಯೂ0202 ಕಾರಣವಲ್ಲ, ಪರಿಣಾಮ. "ಕರೆದ ಪ್ರೋಗ್ರಾಂ ಎರರ್‌ನಿಂದ ಮುಗಿಯಿತು" ಎಂದಷ್ಟೇ ಅದರ ಅರ್ಥ. ಅದರ ಹಿಂದಿನ ಸಾಲಿನಲ್ಲಿ ಸಿಪಿಎಫ್9801, ಅಂದರೆ ಆಬ್ಜೆಕ್ಟ್ ಸಿಗಲಿಲ್ಲ ಎಂಬ ಎಸ್ಕೇಪ್ ಮೆಸೇಜ್ (ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ನಿಲ್ಲಿಸುವ ಎರರ್ ಮೆಸೇಜ್) ಇದೆ. ಸೋರ್ಸ್‌ನಲ್ಲಿ ಎಪಿಐ ಕರೆಯನ್ನು ನೋಡಿದರೆ ಐದೇ ಪ್ಯಾರಾಮೀಟರ್: ಉತ್ತರ ಬರುವ ವೇರಿಯಬಲ್, ಅದರ ಉದ್ದ, 8 ಅಕ್ಷರದ ಫಾರ್ಮ್ಯಾಟ್ ಹೆಸರು, 20 ಅಕ್ಷರದ ಆಬ್ಜೆಕ್ಟ್ ಮತ್ತು ಲೈಬ್ರರಿ, 10 ಅಕ್ಷರದ ಟೈಪ್. ಆರನೆಯದು ಎರರ್ ಕೋಡ್. ಈ ಎಪಿಐಯಲ್ಲಿ ಅದು ಐಚ್ಛಿಕ. ಕೊಡದಿದ್ದರೆ ಎಪಿಐ ತನಗೆ ಗೊತ್ತಿರುವ ಒಂದೇ ದಾರಿ ಹಿಡಿಯುತ್ತದೆ, ಎಸ್ಕೇಪ್ ಮೆಸೇಜ್ ಎಸೆಯುತ್ತದೆ. ಅದನ್ನು ಹಿಡಿಯುವವರು ಯಾರೂ ಇಲ್ಲ, ಹಾಗಾಗಿ ಜಾಬ್ ನಿಂತಿತು.

ಹಂತ 2: ಎರರ್ ಕೋಡ್ ಸ್ಟ್ರಕ್ಚರ್ ಕಟ್ಟುವುದು

ಇಆರ್‌ಆರ್‌ಸಿ0100 ಫಾರ್ಮ್ಯಾಟ್ ಸರಳ. ಮೊದಲ 4 ಬೈಟ್ ಬೈಟ್ಸ್ ಪ್ರೊವೈಡೆಡ್, ಅದನ್ನು ತುಂಬುವುದು ನಾವು. ಮುಂದಿನ 4 ಬೈಟ್ ಬೈಟ್ಸ್ ಅವೈಲಬಲ್, ಅದನ್ನು ತುಂಬುವುದು ಎಪಿಐ. ಆಮೇಲೆ 7 ಅಕ್ಷರದ ಎಕ್ಸೆಪ್ಷನ್ ಐಡಿ, 1 ಬೈಟ್ ಕಾಯ್ದಿರಿಸಿದ ಜಾಗ. ಅಲ್ಲಿಗೆ 16 ಬೈಟ್ ಆಯಿತು. ಅದರ ನಂತರ ಎಕ್ಸೆಪ್ಷನ್ ಡೇಟಾ, ಎಷ್ಟು ಜಾಗ ಕೊಟ್ಟರೆ ಅಷ್ಟು. ಇಲ್ಲಿ 256 ಕೊಟ್ಟದ್ದರಿಂದ ಒಟ್ಟು 272.

ಮೊದಲೆರಡು ಫೀಲ್ಡ್‌ಗಳನ್ನು 10 ಅಂಕಿಯ ಇಂಟಿಜರ್ ಆಗಿ ಬರೆಯಬೇಕು. ಹಳೆಯ ಸೋರ್ಸ್‌ಗಳಲ್ಲಿ 9 ಅಂಕಿಯ ಬೈನರಿ ಕಾಣುತ್ತದೆ. ಕೈ ಹಾಕಿದಾಗಲೇ ಅದನ್ನೂ ಇಂಟಿಜರ್‌ಗೆ ಬದಲಾಯಿಸುವುದು ಒಳ್ಳೆಯದು.

ಬೈಟ್ಸ್ ಪ್ರೊವೈಡೆಡ್‌ನಲ್ಲಿ ಏನಿದೆ ಎಂಬುದರ ಮೇಲೆ ಎಪಿಐಯ ನಡತೆಯೇ ಬದಲಾಗುತ್ತದೆ. ಒಂದೊಂದು ಬೆಲೆ ಹಾಕಿ, ಇಲ್ಲದ ಆಬ್ಜೆಕ್ಟ್ ಹೆಸರು ಕೊಟ್ಟು ಕರೆದಾಗ ಹೀಗಾಗುತ್ತದೆ:

0: ಎರರ್ ಕೋಡ್ ಕೊಡದಂತೆಯೇ. ಎಸ್ಕೇಪ್ ಮೆಸೇಜ್ ಬರುತ್ತದೆ.

1ರಿಂದ 7: ಎರರ್ ಕೋಡ್ ಪ್ಯಾರಾಮೀಟರೇ ಸರಿಯಿಲ್ಲ ಎಂದು ಸಿಪಿಎಫ್3ಸಿಎಫ್1 ಬರುತ್ತದೆ, ಅದೂ ಎಸ್ಕೇಪ್ ಆಗಿಯೇ. ಇಡೀ ಸ್ಟ್ರಕ್ಚರ್‌ನ ಬದಲು ಮೊದಲ ಫೀಲ್ಡಿನ ಅಳತೆ, ಅಂದರೆ 4, ಹಾಕಿದವರು ಇದನ್ನು ನೋಡುತ್ತಾರೆ.

8: ಎಸ್ಕೇಪ್ ಬರುವುದಿಲ್ಲ. ಬೈಟ್ಸ್ ಅವೈಲಬಲ್ ಮಾತ್ರ ತುಂಬುತ್ತದೆ. ತಪ್ಪಾಗಿದೆ ಎಂದು ಗೊತ್ತಾಗುತ್ತದೆ, ಯಾವ ತಪ್ಪು ಎಂದು ಗೊತ್ತಾಗುವುದಿಲ್ಲ.

16: ಐಡಿ ಬರುತ್ತದೆ, ಡೇಟಾ ಇಲ್ಲ. ಆಮೇಲೆ ಇದರಿಂದ ಮೆಸೇಜ್ ಪಠ್ಯ ತೆಗೆದರೆ ಆಬ್ಜೆಕ್ಟ್ ಹೆಸರು ಇರಬೇಕಾದ ಕಡೆ ಖಾಲಿ.

272: ಐಡಿ, ಡೇಟಾ ಎರಡೂ.

ಎಪಿಐ ಡೇಟಾವನ್ನು ಬೇರೆ ಸಿಸಿಎಸ್‌ಐಡಿಯಲ್ಲಿ (ಅಕ್ಷರ ಸಂಕೇತದ ಗುರುತು ಸಂಖ್ಯೆ) ಕೊಡಬೇಕಾದ ಕಡೆ ಇಆರ್‌ಆರ್‌ಸಿ0200 ಎಂಬ ಇನ್ನೊಂದು ಫಾರ್ಮ್ಯಾಟ್ ಇದೆ. ಅದರ ಮೊದಲ ಫೀಲ್ಡಿನಲ್ಲಿ -1 ಇರಬೇಕು. ಈ ಕೆಲಸಕ್ಕೆ ಅದು ಬೇಕಾಗಲಿಲ್ಲ.

ಹಂತ 3: 1077952576

ಸ್ಟ್ರಕ್ಚರ್ ಡಿಕ್ಲೇರ್ ಮಾಡಿ, ಬೈಟ್ಸ್ ಪ್ರೊವೈಡೆಡ್‌ಗೆ ಬೆಲೆ ಹಾಕುವುದನ್ನು ಬಿಟ್ಟರೆ ಏನಾಗುತ್ತದೆ? ಸೊನ್ನೆ ಇರುತ್ತದೆ ಎಂದುಕೊಳ್ಳುವವರೇ ಹೆಚ್ಚು. ಆರ್‌ಪಿಜಿಯಲ್ಲಿ ಇನಿಷಿಯಲೈಸ್ ಕೀವರ್ಡ್ ಇಲ್ಲದ ಡೇಟಾ ಸ್ಟ್ರಕ್ಚರ್ ಆರಂಭದಲ್ಲಿ ಬ್ಲ್ಯಾಂಕ್‌ಗಳಿಂದ ತುಂಬಿರುತ್ತದೆ, ಒಳಗೆ ಇಂಟಿಜರ್ ಇದ್ದರೂ ಸರಿ. ಇಬಿಸಿಡಿಕ್ ಎಂಬ, ಈ ಸಿಸ್ಟಂನ ಅಕ್ಷರ ಸಂಕೇತದಲ್ಲಿ ಬ್ಲ್ಯಾಂಕ್ ಅಂದರೆ ಹೆಕ್ಸ್ 40. ನಾಲ್ಕು ಬಾರಿ 40 ಸೇರಿದರೆ ಇಂಟಿಜರ್ ಆಗಿ 1077952576. ಡಿಬಗರ್‌ನಲ್ಲಿ ಸ್ಟ್ರಕ್ಚರನ್ನು ಹೆಕ್ಸ್ ರೂಪದಲ್ಲಿ ತೆರೆದರೆ ಉದ್ದಕ್ಕೂ 40404040 ಕಾಣುತ್ತದೆ.

ಈ ತಪ್ಪಿನ ಅಪಾಯ ಏನೆಂದರೆ, ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ನೂರು ಕೋಟಿಗೂ ಹೆಚ್ಚು ಬೈಟ್ ಜಾಗ ಇದೆ ಎಂದು ಎಪಿಐ ನಂಬುತ್ತದೆ. ಎರರ್ ಬಂದಾಗ ಐಡಿ ಸರಿಯಾಗಿ ಬರುತ್ತದೆ, ಡೇಟಾವೂ ಬರುತ್ತದೆ. ಸ್ಟ್ರಕ್ಚರ್ 272 ಬೈಟ್ ಇದ್ದರೆ ಡೇಟಾ ಅದರೊಳಗೇ ಮುಗಿದು ಏನೂ ಆಗಲಿಲ್ಲ ಎಂಬಂತೆ ಇರುತ್ತದೆ. ಸ್ಟ್ರಕ್ಚರ್ 16 ಬೈಟ್ ಮಾತ್ರ ಇದ್ದರೆ ಉಳಿದದ್ದು ಪಕ್ಕದ ವೇರಿಯಬಲ್ ಮೇಲೆ ಬೀಳುತ್ತದೆ. ಆಗ ಕೆಡುವುದು ಎಪಿಐಗೆ ಸಂಬಂಧವೇ ಇಲ್ಲದ ಒಂದು ಕೌಂಟರೋ ಹೆಸರೋ ಆಗಿರಬಹುದು. ಅದನ್ನು ಹುಡುಕುವವರ ಪಾಡು ಯಾರಿಗೂ ಬೇಡ.

ಸರಿಪಡಿಸಿದ್ದು ಹೀಗೆ: ಸ್ಟ್ರಕ್ಚರ್‌ಗೂ ಇನಿಷಿಯಲೈಸ್ ಕೀವರ್ಡ್, ಬೈಟ್ಸ್ ಪ್ರೊವೈಡೆಡ್‌ಗೆ ಆ ಸ್ಟ್ರಕ್ಚರ್‌ನದೇ ಸೈಜ್ ಫಂಕ್ಷನ್‌ನಿಂದ ಆರಂಭದ ಬೆಲೆ. 272 ಎಂದು ಅಂಕಿಯಲ್ಲಿ ಬರೆಯಲಿಲ್ಲ. ನಾಳೆ ಯಾರಾದರೂ ಡೇಟಾ ಜಾಗವನ್ನು 64ಕ್ಕೆ ಇಳಿಸಿದರೆ ಆ ಅಂಕಿ ಅಲ್ಲೇ ಉಳಿದುಬಿಡುತ್ತದೆ. ಟೆಂಪ್ಲೇಟ್ ಮಾಡಿಟ್ಟು ಅದರಂತೆ ಬೇರೆ ಸ್ಟ್ರಕ್ಚರ್ ಡಿಕ್ಲೇರ್ ಮಾಡುವಾಗ ಇನ್ನೂ ಒಂದು ಮಾತು: ಟೆಂಪ್ಲೇಟ್‌ನ ಆರಂಭದ ಬೆಲೆಗಳು ತಾವಾಗಿ ಬರುವುದಿಲ್ಲ. ಹೊಸ ಸ್ಟ್ರಕ್ಚರ್‌ನ ಇನಿಷಿಯಲೈಸ್ ಕೀವರ್ಡ್‌ನಲ್ಲಿ ಸ್ಟಾರ್ ಲೈಕ್‌ಡಿಎಸ್ ಎಂದು ಹೇಳಲೇಬೇಕು. ಹೇಳದಿದ್ದರೆ ಮತ್ತೆ ಅದೇ 40404040.

ಹಂತ 4: ಲೂಪ್‌ನಲ್ಲಿ ಹಳೆಯ ಐಡಿ

ಇಲ್ಲಿಯವರೆಗೆ ಬಂದಾಗ ಜಾಬ್ ನಿಲ್ಲುವುದು ತಪ್ಪಿತು, ಆದರೆ ರಿಪೋರ್ಟ್ ತಪ್ಪು. ಪರೀಕ್ಷೆಯ ಪಟ್ಟಿಯಲ್ಲಿ ಮೂರು ಸಾಲು: ಮೊದಲನೆಯದು ಇದೆ, ಎರಡನೆಯದು ಇಲ್ಲ, ಮೂರನೆಯದು ಇದೆ. ರಿಪೋರ್ಟ್ ಮಾತ್ರ ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ ಎನ್ನುತ್ತಿತ್ತು.

ಕಾರಣ, ಎರರ್ ಆಯಿತೇ ಎಂದು ನೋಡಲು ಎಕ್ಸೆಪ್ಷನ್ ಐಡಿ ಬ್ಲ್ಯಾಂಕ್ ಆಗಿದೆಯೇ ಎಂದು ಪರೀಕ್ಷಿಸಿದ್ದು. ಎರರ್ ಇಲ್ಲದಿದ್ದಾಗ ಎಪಿಐ ಬೈಟ್ಸ್ ಅವೈಲಬಲ್ ಅನ್ನು 0 ಮಾಡುತ್ತದೆ, ಅದರ ನಂತರದ ಯಾವ ಫೀಲ್ಡನ್ನೂ ಮುಟ್ಟುವುದಿಲ್ಲ. ಎರಡನೆಯ ಸಾಲಿನಲ್ಲಿ ಬಂದ ಸಿಪಿಎಫ್9801 ಮೂರನೆಯ ಸಾಲಿನಲ್ಲೂ ಹಾಗೇ ಕೂತಿರುತ್ತದೆ. ನೋಡಬೇಕಾದದ್ದು ಒಂದನ್ನೇ, ಬೈಟ್ಸ್ ಅವೈಲಬಲ್ 0ಗಿಂತ ಹೆಚ್ಚಿದೆಯೇ ಎಂಬುದನ್ನು. ಐಡಿಯನ್ನು ಓದುವುದು ಅದರ ಒಳಗೆ ಮಾತ್ರ.

ಇದಕ್ಕೆ ಹಲವರು ಹಾಕುವ ತೇಪೆ ಇನ್ನೊಂದಿದೆ: ಪ್ರತಿ ಕರೆಗೆ ಮೊದಲು ಎರರ್ ಸ್ಟ್ರಕ್ಚರನ್ನು ಕ್ಲಿಯರ್ ಮಾಡುವುದು. ಅದನ್ನೂ ಹಾಕಿ ನೋಡಿದಾಗ ಆರ್‌ಎನ್‌ಕ್ಯೂ0202 ಮರಳಿ ಬಂತು! ಕ್ಲಿಯರ್ ಎಲ್ಲ ಅಂಕಿ ಫೀಲ್ಡ್‌ಗಳನ್ನೂ ಸೊನ್ನೆ ಮಾಡುತ್ತದೆ. ಬೈಟ್ಸ್ ಪ್ರೊವೈಡೆಡ್ ಕೂಡ ಸೊನ್ನೆ ಆದ ಮೇಲೆ ಎಪಿಐ ಮತ್ತೆ ಎಸ್ಕೇಪ್ ದಾರಿ ಹಿಡಿಯುತ್ತದೆ. ಸ್ಟ್ರಕ್ಚರನ್ನು ಹೊಸದು ಮಾಡಲೇಬೇಕಿದ್ದರೆ ರೀಸೆಟ್ ಬಳಸಿ, ಅದು ಆರಂಭದ ಬೆಲೆಗಳನ್ನು ಮರಳಿ ತರುತ್ತದೆ.

ಕ್ಲಿಯರ್ ನಿಜವಾಗಿ ಬೇಕಾದದ್ದು ಉತ್ತರ ಬರುವ ವೇರಿಯಬಲ್‌ಗೆ. ಎಪಿಐ ಎರರ್ ಕೊಟ್ಟಾಗ ಅದರಲ್ಲಿರುವುದನ್ನು ನಂಬುವಂತಿಲ್ಲ, ಹಿಂದಿನ ಸಾಲಿನ ಓನರ್ ಹೆಸರು ಅಲ್ಲೇ ಉಳಿದಿರಬಹುದು. ಒಬಿಜೆಡಿ0100 ಫಾರ್ಮ್ಯಾಟ್‌ನಲ್ಲಿ ಓನರ್ ಇರುವುದು ಆಫ್‌ಸೆಟ್ 52ರಲ್ಲಿ, ಬದಲಾವಣೆಯ ದಿನಾಂಕ ಮತ್ತು ಸಮಯ 77ರಲ್ಲಿ, 13 ಅಕ್ಷರ. ಎಪಿಐ ಕೈಪಿಡಿಯ ಆಫ್‌ಸೆಟ್ 0ಯಿಂದ ಶುರು, ಆರ್‌ಪಿಜಿಯ ಪೊಸಿಷನ್ 1ರಿಂದ ಶುರು. ಪೊಸಿಷನ್ ಕೊಟ್ಟು ಬರೆಯುವವರು 53 ಮತ್ತು 78 ಹಾಕಬೇಕು. ಹೆಸರಿನ ಕೊನೆಯ ಅಕ್ಷರ ಬೇರೆ ಫೀಲ್ಡಿಗೆ ಸೇರಿ ಓನರ್ ಹೆಸರು ಅಡ್ಡಾದಿಡ್ಡಿಯಾಗಿ ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಹಂತ 5: ಎರಡೂ ಬಲೆ ಒಟ್ಟಿಗೆ ಹಾಕಿದಾಗ

ಪ್ರೋಗ್ರಾಂನ ಇನ್ನೊಂದು ಕಡೆ ಮೊದಲೇ ಯಾರೋ ಅರ್ಧ ರಿಪೇರಿ ಮಾಡಿದ್ದರು: ಕರೆಗೆ ಇ ಎಕ್ಸ್‌ಟೆಂಡರ್ (ಎಸ್ಕೇಪ್ ಬಂದರೂ ಪ್ರೋಗ್ರಾಂ ನಿಲ್ಲದಂತೆ ಮಾಡುವ ಗುರುತು) ಹಾಕಿ, ಮುಂದಿನ ಸಾಲಿನಲ್ಲಿ ಎರರ್ ಫಂಕ್ಷನ್ ನೋಡುವುದು. ಜೊತೆಗೆ ಸರಿಯಾಗಿ ತುಂಬಿದ ಎರರ್ ಕೋಡ್ ಪ್ಯಾರಾಮೀಟರ್ ಕೂಡ ಇತ್ತು. ಇದು ಎರಡು ಪಟ್ಟು ಭದ್ರತೆಯಂತೆ ಕಾಣುತ್ತದೆ, ಆದರೆ ಆಗುವುದು ತದ್ವಿರುದ್ಧ. ಬೈಟ್ಸ್ ಪ್ರೊವೈಡೆಡ್ 8 ಅಥವಾ ಹೆಚ್ಚು ಇದ್ದರೆ ಎಪಿಐ ಎಸ್ಕೇಪ್ ಕಳಿಸುವುದೇ ಇಲ್ಲ. ಆರ್‌ಪಿಜಿಯ ಲೆಕ್ಕದಲ್ಲಿ ಕರೆ ಚೆನ್ನಾಗಿಯೇ ಮುಗಿಯಿತು, ಎರರ್ ಫಂಕ್ಷನ್ ಆಫ್ ಎಂದೇ ಹೇಳುತ್ತದೆ. ಬೈಟ್ಸ್ ಅವೈಲಬಲ್ ಅನ್ನು ಯಾರೂ ನೋಡುತ್ತಿಲ್ಲ. ತಪ್ಪು ಸದ್ದಿಲ್ಲದೆ ದಾಟಿಹೋಗುತ್ತದೆ, ಜಾಬ್ ಲಾಗ್‌ನಲ್ಲೂ ಎಸ್ಕೇಪ್‌ನ ಸುಳಿವಿರುವುದಿಲ್ಲ. ರಾತ್ರಿ ನಿಂತುಹೋಗುವ ಜಾಬ್‌ಗಿಂತ ಇದು ಕೆಟ್ಟದ್ದು. ನಿಂತ ಜಾಬ್ ಕಡೇಪಕ್ಷ ಬೆಳಿಗ್ಗೆ ಯಾರ ಕಣ್ಣಿಗಾದರೂ ಬೀಳುತ್ತದೆ.

ಹಾಗಾಗಿ ಒಂದು ಕರೆಗೆ ಒಂದೇ ದಾರಿ ಎಂದು ತೀರ್ಮಾನಿಸಿ ಎಲ್ಲ ಕರೆಗಳನ್ನೂ ಎರಡು ಗುಂಪು ಮಾಡಿದ್ದಾಯಿತು.

ಎರರ್ ಬರುವುದು ದಿನನಿತ್ಯದ ಸಂಗತಿ ಎನ್ನುವ ಕಡೆ, ಉದಾಹರಣೆಗೆ ಆಬ್ಜೆಕ್ಟ್ ಇದೆಯೋ ಇಲ್ಲವೋ ಎಂದು ನೋಡುವಲ್ಲಿ, ಎರರ್ ಕೋಡ್ ಸ್ಟ್ರಕ್ಚರ್. ಇದರಿಂದ ಇನ್ನೊಂದು ಉಪಯೋಗವೂ ಇದೆ. ಮಾನಿಟರ್ (ಎಸ್ಕೇಪ್ ಹಿಡಿಯುವ ಆರ್‌ಪಿಜಿ ಬ್ಲಾಕ್) ಹಾಕಿ ಎಸ್ಕೇಪ್ ಹಿಡಿದರೂ ಆ ಮೆಸೇಜ್ ಜಾಬ್ ಲಾಗ್‌ನಲ್ಲಿ ಉಳಿಯುತ್ತದೆ. ಪಟ್ಟಿ ಉದ್ದವಿದ್ದರೆ ಲಾಗ್ ತುಂಬಾ ಸಿಪಿಎಫ್9801 ಸೇರಿ, ಬೇಕಾದ ಸಾಲು ಹುಡುಕಲು ಸಿಗುವುದಿಲ್ಲ. ಎಸ್ಕೇಪ್ ಕಳಿಸಿ ಹಿಡಿಯುವುದು ಸ್ಟ್ರಕ್ಚರ್ ತುಂಬುವುದಕ್ಕಿಂತ ಭಾರದ ಕೆಲಸ ಕೂಡ.

ಎರರ್ ಬಂದರೆ ಮುಂದೆ ಹೋಗುವುದೇ ಬೇಡ ಎನ್ನುವ ಕಡೆ, ಉದಾಹರಣೆಗೆ ಯೂಸರ್ ಸ್ಪೇಸ್ (ಡೇಟಾ ಇಡುವ ಒಂದು ಆಬ್ಜೆಕ್ಟ್) ಸೃಷ್ಟಿಸುವಲ್ಲಿ, ಬೈಟ್ಸ್ ಪ್ರೊವೈಡೆಡ್ 0 ಇರುವ ಇನ್ನೊಂದು ಸ್ಟ್ರಕ್ಚರ್. ಎರಡೂ ಕಾಪಿ ಮೆಂಬರ್‌ನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇವೆ. ಕರೆಯ ಸಾಲನ್ನು ಓದಿದರೇ ಉದ್ದೇಶ ಗೊತ್ತಾಗುತ್ತದೆ.

ಹಂತ 6: ಯಾವ ಐಡಿಗೆ ಏನು

ಬೈಟ್ಸ್ ಅವೈಲಬಲ್ 0ಗಿಂತ ಹೆಚ್ಚು ಎಂದ ಕೂಡಲೇ "ಆಬ್ಜೆಕ್ಟ್ ಇಲ್ಲ" ಎಂದು ಬರೆಯುವುದು ಅವಸರ. ಸಿಪಿಎಫ್9801 ಬಂದರೆ ಆಬ್ಜೆಕ್ಟ್ ಇಲ್ಲ, ಸಿಪಿಎಫ್9810 ಬಂದರೆ ಲೈಬ್ರರಿಯೇ ಇಲ್ಲ. ಇವೆರಡೂ ರಿಪೋರ್ಟಿಗೆ ಹೋಗುವ ಮಾಹಿತಿ. ಸಿಪಿಎಫ್9802 ಬಂದರೆ ಆಬ್ಜೆಕ್ಟ್‌ಗೆ ಅಧಿಕಾರವಿಲ್ಲ, ಸಿಪಿಎಫ್9820 ಬಂದರೆ ಲೈಬ್ರರಿಗೆ ಅಧಿಕಾರವಿಲ್ಲ. ಇವನ್ನು "ಇಲ್ಲ" ಎಂದು ಬರೆದರೆ ಸುಳ್ಳು ಹೇಳಿದಂತೆ, ಅದಕ್ಕೆ ರಿಪೋರ್ಟ್‌ನಲ್ಲಿ ಬೇರೆ ಗುರುತು ಹಾಕಿದೆ. ಸಿಪಿಎಫ್3ಸಿ21 ಫಾರ್ಮ್ಯಾಟ್ ಹೆಸರು ತಪ್ಪು, ಸಿಪಿಎಫ್3ಸಿ24 ಉತ್ತರದ ವೇರಿಯಬಲ್‌ನ ಉದ್ದ ತಪ್ಪು. ಇವು ಡೇಟಾದ ದೋಷವಲ್ಲ, ಬರೆದ ಕೋಡ್‌ನ ದೋಷ. ಇಂಥವು ಬಂದರೆ ಪ್ರೋಗ್ರಾಂ ನಿಲ್ಲಬೇಕು. ಪಟ್ಟಿಯಲ್ಲಿ ಹೆಸರಿಸದ ಬೇರೆ ಯಾವ ಐಡಿ ಬಂದರೂ ಅಷ್ಟೇ.

ಐಡಿಯಲ್ಲಿ ಸಿಪಿಎಫ್ ನಂತರದ ನಾಲ್ಕು ಅಕ್ಷರ ಹೆಕ್ಸ್. ಎಲ್ಲವೂ ಅಂಕಿಯೇ ಎಂದು ಝೋನ್ಡ್ ಫೀಲ್ಡಿಗೆ ಹಾಕಿದ ಕೋಡ್ 9801ಕ್ಕೆ ಸರಿಯಾಗಿ ಓಡಿ, 3ಸಿ21 ಬಂದ ದಿನ ಕೆಡುತ್ತದೆ. ಅಸಲಿ ಎರರ್ ಅದರಡಿ ಹೂತುಹೋಗುತ್ತದೆ. ಏಳೂ ಅಕ್ಷರವನ್ನು ಅಕ್ಷರವಾಗಿಯೇ ಇಟ್ಟುಕೊಂಡು ಹೋಲಿಸಬೇಕು.

ಹಂತ 7: ಓದುವಂಥ ಮೆಸೇಜ್ ತೆಗೆಯುವುದು

ಐಡಿ ಮಾತ್ರ ರಿಪೋರ್ಟಿನಲ್ಲಿದ್ದರೆ ಓದುವವರಿಗೆ ಪ್ರಯೋಜನವಿಲ್ಲ. ರಿಟ್ರೀವ್ ಮೆಸೇಜ್ ಎಪಿಐಗೆ ಐಡಿ, ಮೆಸೇಜ್ ಫೈಲ್, ಎಕ್ಸೆಪ್ಷನ್ ಡೇಟಾ ಮತ್ತು ಅದರ ಉದ್ದ ಕೊಟ್ಟು, ಬದಲಿ ಬೆಲೆಗಳನ್ನು ತುಂಬು ಎಂದು ಸ್ಟಾರ್ ಯೆಸ್ ಹೇಳಿದರೆ ಪೂರ್ತಿ ವಾಕ್ಯ ಬರುತ್ತದೆ. ಆರ್‌ಟಿವಿಎಂ0100 ಫಾರ್ಮ್ಯಾಟ್‌ನಲ್ಲಿ ಪಠ್ಯ ಶುರುವಾಗುವುದು ಆಫ್‌ಸೆಟ್ 24ರಿಂದ, ಬಂದ ಪಠ್ಯದ ಉದ್ದ ಆಫ್‌ಸೆಟ್ 8ರಲ್ಲಿ. ಮೆಸೇಜ್ ಫೈಲ್ ಹೆಸರು 10 ಅಕ್ಷರ, ಲೈಬ್ರರಿ 10 ಅಕ್ಷರ, ನಡುವೆ ಬ್ಲ್ಯಾಂಕ್ ತುಂಬಿ ಒಟ್ಟು 20. ಬ್ಲ್ಯಾಂಕ್ ತುಂಬದೆ ಬರೆದರೆ ಲೈಬ್ರರಿ ಹೆಸರು ತಪ್ಪಾದ ಜಾಗಕ್ಕೆ ಹೋಗುತ್ತದೆ. ಸಿಪಿಎಫ್ ಮೆಸೇಜ್‌ಗಳು ಕ್ಯೂಸಿಪಿಎಫ್‌ಎಂಎಸ್‌ಜಿ ಫೈಲಿನಲ್ಲಿವೆ. ಎಲ್ಲ ಐಡಿಗಳೂ ಅಲ್ಲೇ ಇರುವುದಿಲ್ಲ, ಟಿಸಿಪಿಯಿಂದ ಶುರುವಾಗುವವಕ್ಕೆ ಬೇರೆ ಮೆಸೇಜ್ ಫೈಲ್ ಇದೆ.

ಎರಡು ಕಡೆ ಎಡವಿದ್ದು:

ಒಂದು, ರಿಟ್ರೀವ್ ಮೆಸೇಜ್‌ಗೂ ಅದೇ ಎರರ್ ಸ್ಟ್ರಕ್ಚರ್ ಕೊಟ್ಟದ್ದು. ಎರಡನೆಯ ಕರೆ ಚೆನ್ನಾಗಿ ಮುಗಿದು ಬೈಟ್ಸ್ ಅವೈಲಬಲ್ 0 ಆಯಿತು. ಕೆಳಗಿನ ಸಾಲುಗಳು ಮೊದಲ ಕರೆಯಲ್ಲಿ ಎರರ್ ಆಗಲೇ ಇಲ್ಲ ಎಂದುಕೊಂಡವು. ಇದಕ್ಕೆ ಪ್ರತ್ಯೇಕ ಸ್ಟ್ರಕ್ಚರ್ ಕೊಟ್ಟು ಸರಿ ಮಾಡಿದ್ದಾಯಿತು.

ಇನ್ನೊಂದು, ಡೇಟಾದ ಉದ್ದ. ಯಾವಾಗಲೂ 256 ಕೊಟ್ಟರೆ ಹಿಂದಿನ ಎರರ್‌ನ ಬಾಲವೂ ಸೇರಿಕೊಳ್ಳಬಹುದು. ಸರಿಯಾದ ಲೆಕ್ಕ ಬೈಟ್ಸ್ ಅವೈಲಬಲ್‌ನಲ್ಲಿ 16 ಕಳೆದದ್ದು. ಆದರೆ ಬೈಟ್ಸ್ ಅವೈಲಬಲ್ ಎಂಬುದು ಎಪಿಐ ಬಳಿ ಇರುವ ಮಾಹಿತಿಯ ಉದ್ದ, ನಮಗೆ ಕೊಟ್ಟದ್ದರ ಉದ್ದವಲ್ಲ. ಅದು 272ಕ್ಕಿಂತ ಹೆಚ್ಚಿರಬಹುದು, ಆಗ ಉದ್ದವನ್ನು 256ಕ್ಕೆ ನಿಲ್ಲಿಸಬೇಕು. ಡೇಟಾ ಇಲ್ಲದ ಮೆಸೇಜ್‌ನಲ್ಲಿ ಕಳೆದ ಮೇಲೆ ಸೊನ್ನೆಗಿಂತ ಕೆಳಗೆ ಇಳಿಯದಂತೆಯೂ ಕಾಯಬೇಕು. ಋಣ ಸಂಖ್ಯೆಯನ್ನು ಸಬ್‌ಸ್ಟ್ರಿಂಗ್ ಫಂಕ್ಷನ್‌ಗೆ ಕೊಟ್ಟರೆ ಸ್ಟೇಟಸ್ 100, ಎರರ್ ಹಿಡಿಯುವ ಕೋಡೇ ಎರರ್ ಕೊಟ್ಟು ಬೀಳುತ್ತದೆ.

ಹಂತ 8: ಸ್ಟ್ರಕ್ಚರ್‌ಗೆ ಸಿಗದ ಎರರ್‌ಗಳು

ಎರರ್ ಕೋಡ್ ಸರಿಯಾಗಿ ಕೊಟ್ಟರೂ ಕೆಲವು ಎಸ್ಕೇಪ್ ಆಗಿಯೇ ಬರುತ್ತವೆ. ಸಿಪಿಎಫ್3ಸಿಎಫ್1 ಹಾಗೆ ಬರಲೇಬೇಕು, ಏಕೆಂದರೆ ಕೆಟ್ಟಿರುವುದು ಎರರ್ ಕೋಡೇ. ಪ್ಯಾರಾಮೀಟರ್ ಪಟ್ಟಿಯನ್ನು ತಲುಪಲಾಗದಿದ್ದರೆ ಸಿಪಿಎಫ್24ಬಿ4, ಎಪಿಐ ಒಳಗೇ ಮುರಿದರೆ ಸಿಪಿಎಫ್9872, ಪಾಯಿಂಟರ್‌ಗೆ ಬೆಲೆ ಇಲ್ಲದಿದ್ದರೆ ಎಂಸಿಎಚ್3601. ಇವು ಅಪರೂಪ. ಬಂದರೆ ಮೇಲಿನ ಪ್ರೋಗ್ರಾಂಗೆ ಗೊತ್ತಾಗುವಂತೆ ಬಿಡುವುದೇ ವಾಸಿ.

ಕಮಾಂಡ್ ಓಡಿಸುವ ಕ್ಯೂಸಿಎಂಡಿಇಎಕ್ಸ್‌ಸಿಗೆ ಎರರ್ ಕೋಡ್ ಪ್ಯಾರಾಮೀಟರ್ ಇಲ್ಲ. ಅಲ್ಲಿ ಮಾನಿಟರ್ ಬೇಕು. ಮಾನಿಟರ್ ಒಳಗೆ ಆ ಒಂದು ಕರೆ ಮಾತ್ರ ಇರಲಿ, ಆನ್-ಎರರ್‌ನಲ್ಲಿ 202 (ಕರೆದ ಪ್ರೋಗ್ರಾಂ ವಿಫಲ ಎಂಬ ಸ್ಟೇಟಸ್) ಎಂದೇ ಬರೆಯಿರಿ. ಇಪ್ಪತ್ತು ಸಾಲು ಒಳಗೆ ಸೇರಿಸಿ ಸ್ಟಾರ್ ಆಲ್ ಹಾಕಿದರೆ ಲೆಕ್ಕ ತಪ್ಪಿದ್ದೂ, ಡೆಸಿಮಲ್ ಡೇಟಾ ಕೆಟ್ಟದ್ದೂ "ಕಮಾಂಡ್ ವಿಫಲ" ಎಂದೇ ದಾಖಲಾಗುತ್ತದೆ. ಮೂಲ ಐಡಿ ಪ್ರೋಗ್ರಾಂ ಸ್ಟೇಟಸ್ ಡೇಟಾ ಸ್ಟ್ರಕ್ಚರ್‌ನ 40ರಿಂದ 46ರ ಪೊಸಿಷನ್‌ಗಳಲ್ಲಿ, ಪಠ್ಯ 91ರಿಂದ 170ರಲ್ಲಿ. ಐಬಿಎಂ ಐ 7.5ರಲ್ಲಿ ಮತ್ತು ಪಿಟಿಎಫ್ (ಐಬಿಎಂ ಕೊಡುವ ಪ್ಯಾಚ್) ಹಾಕಿದ 7.4ರಲ್ಲಿ ಆನ್-ಎಕ್ಸ್‌ಸಿಪಿ ಇದೆ, ಸಿಪಿಎಫ್9801 ಎಂದು ನೇರವಾಗಿ ಐಡಿಯನ್ನೇ ಬರೆದು ಹಿಡಿಯಬಹುದು. ಅಷ್ಟು ಹೊಸ ಕಂಪೈಲರ್ ಇದ್ದರೆ 202 ಹಿಡಿದು ಒಳಗೆ ಹುಡುಕುವ ಕೆಲಸವೇ ಬೇಡ.

ಐಎಫ್‌ಎಸ್ (ಪಾತ್ ಕೊಟ್ಟು ತಲುಪುವ ಫೈಲ್ ವ್ಯವಸ್ಥೆ) ಫೈಲ್ ತೆರೆಯುವಂಥ ಯುನಿಕ್ಸ್ ಬಗೆಯ ಎಪಿಐಗಳಿಗೆ ಈ ಯಾವುದೂ ಅನ್ವಯಿಸುವುದಿಲ್ಲ. ಅವು -1 ಕೊಟ್ಟು ಎರ್‌ನೋ ಎಂಬ ಕಡೆ ಎರರ್‌ನ ಸಂಖ್ಯೆ ಇಡುತ್ತವೆ. ಪಾತ್ ಇಲ್ಲದಿದ್ದರೆ 3025, ಅನುಮತಿ ಇಲ್ಲದಿದ್ದರೆ 3401. ಆ ಸಂಖ್ಯೆಯ ಮುಂದೆ ಸಿಪಿಇ ಸೇರಿಸಿದರೆ ಮೆಸೇಜ್ ಐಡಿ ಆಯಿತು, ಹಂತ 7ರ ಪ್ರೊಸೀಜರ್ ಅದಕ್ಕೂ ನಡೆಯುತ್ತದೆ. ಎರ್‌ನೋವನ್ನು ಕೂಡಲೇ ಬೇರೆ ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಬೇಕು. ನಡುವೆ ಫೈಲ್ ಮುಚ್ಚುವ ಕರೆ ಬಂದರೂ ಅದು ಬದಲಾಗಿಬಿಡಬಹುದು.

ಹಂತ 9: ಮೇಲಕ್ಕೆ ಕಳಿಸುವುದು

ನಿಲ್ಲಬೇಕಾದ ಎರರ್‌ಗಳನ್ನು ಸೆಂಡ್ ಪ್ರೋಗ್ರಾಂ ಮೆಸೇಜ್ ಎಪಿಐ ಮೂಲಕ ಎಸ್ಕೇಪ್ ಆಗಿ ಮತ್ತೆ ಕಳಿಸಲಾಗುತ್ತದೆ. ಇದಕ್ಕೆ ಪಠ್ಯ ಬೇಡ. ಬಂದ ಐಡಿ, ಬಂದ ಡೇಟಾ, ಅದರ ಉದ್ದವನ್ನೇ ಹಾಗೆಹಾಗೇ ಕೊಟ್ಟರೆ ಮೇಲಿನ ಸಿಎಲ್ (ಐಬಿಎಂ ಐ ಕಮಾಂಡ್ ಭಾಷೆ) ಪ್ರೋಗ್ರಾಂನ ಮಾನಿಟರ್ ಮೆಸೇಜ್‌ಗೆ ಅಸಲಿ ಐಡಿಯೇ ಸಿಗುತ್ತದೆ. ಪಠ್ಯವನ್ನು ಸಿಪಿಎಫ್9898ರಲ್ಲಿ ಸುತ್ತಿ ಕಳಿಸುವ ಅಭ್ಯಾಸ ಇದೆ. ಹಾಗೆ ಮಾಡಿದರೆ ಎಲ್ಲ ತಪ್ಪುಗಳೂ ಒಂದೇ ಐಡಿಯಲ್ಲಿ ಬಂದು, ಮೇಲಿನವರು ಯಾವುದಕ್ಕೆ ಏನು ಮಾಡಬೇಕೆಂದು ತಿಳಿಯದೆ ಉಳಿಯುತ್ತಾರೆ.

ಕಾಲ್ ಸ್ಟ್ಯಾಕ್ (ಯಾರು ಯಾರನ್ನು ಕರೆದರು ಎಂಬ ಸರಣಿ) ಎಣಿಕೆಯಲ್ಲಿ ಒಂದು ಸಿಕ್ಕು. ಮುಖ್ಯ ಪ್ರೊಸೀಜರ್‌ನಿಂದ ಬರೀ ಸ್ಟಾರ್ ಮತ್ತು 1 ಕೊಟ್ಟರೆ ಮೆಸೇಜ್ ಹೋಗುವುದು ಕರೆದವರಿಗಲ್ಲ, ಕಂಪೈಲರ್ ತಾನೇ ಸೇರಿಸಿದ ಪ್ರೋಗ್ರಾಂ ಎಂಟ್ರಿ ಪ್ರೊಸೀಜರ್‌ಗೆ. ಕೋಡನ್ನು ಸಬ್‌ಪ್ರೊಸೀಜರ್‌ಗೆ ಸರಿಸಿದರೆ ಎಣಿಕೆ ಮತ್ತೆ ಬದಲು. ಸ್ಟಾರ್ ಸಿಟಿಎಲ್‌ಬಿಡಿವೈ ಮತ್ತು 1 ಕೊಟ್ಟರೆ ಕಂಟ್ರೋಲ್ ಬೌಂಡರಿಯ ಆಚೆಗಿನವರಿಗೆ ಹೋಗುತ್ತದೆ, ಎಣಿಸುವ ತಾಪತ್ರಯ ಇಲ್ಲ. ಈ ಕರೆಯ ಎರರ್ ಕೋಡ್‌ನಲ್ಲಿ ಬೈಟ್ಸ್ ಪ್ರೊವೈಡೆಡ್ 0.

ಪರೀಕ್ಷೆಯಲ್ಲಿ ನೋಡಿದ್ದು: ಇರುವ ಮತ್ತು ಇಲ್ಲದ ಆಬ್ಜೆಕ್ಟ್‌ಗಳು ಒಂದರ ಹಿಂದೆ ಒಂದು, ಇಲ್ಲದ ಲೈಬ್ರರಿ, ಕಡಿಮೆ ಅಧಿಕಾರದ ಪ್ರೊಫೈಲ್‌ನಿಂದ ಅದೇ ಪಟ್ಟಿ, ಬೇಕೆಂದೇ ತಪ್ಪು ಬರೆದ ಫಾರ್ಮ್ಯಾಟ್ ಹೆಸರು. ಕೊನೆಯದಕ್ಕೆ ಜಾಬ್ ನಿಂತು ಸಿಪಿಎಫ್3ಸಿ21 ಸಿಎಲ್‌ಗೆ ತಲುಪಿತು, ಉಳಿದವು ರಿಪೋರ್ಟಿಗೆ ಸರಿಯಾದ ಗುರುತಿನೊಂದಿಗೆ ಬಂದವು.

ಬಾಕಿ ಇರುವುದು ಲಿಸ್ಟ್ ಎಪಿಐ ಬಳಸುವ ಇನ್ನೊಂದು ಪ್ರೋಗ್ರಾಂ. ಅಲ್ಲಿ ಬೈಟ್ಸ್ ಅವೈಲಬಲ್ 0 ಬಂದರೂ ಪಟ್ಟಿ ಪೂರ್ತಿ ಎಂದು ಹೇಳುವಂತಿಲ್ಲ. ಯೂಸರ್ ಸ್ಪೇಸ್‌ನ ಜೆನರಿಕ್ ಹೆಡರ್‌ನಲ್ಲಿ ಆಫ್‌ಸೆಟ್ 103ರ ಒಂದು ಅಕ್ಷರ ನೋಡಬೇಕು: ಸಿ ಆದರೆ ಪೂರ್ತಿ, ಪಿ ಆದರೆ ಭಾಗಶಃ, ಐ ಆದರೆ ಅಪೂರ್ಣ. ಆ ಪ್ರೋಗ್ರಾಂ ಈಗ ಅದನ್ನು ನೋಡದೆ, ಆಫ್‌ಸೆಟ್ 132ರಲ್ಲಿರುವ ಎಂಟ್ರಿಗಳ ಸಂಖ್ಯೆಯಷ್ಟು ಲೂಪ್ ತಿರುಗುತ್ತದೆ.